ಹದಿನಾಲ್ಕನೇ ಪೆಟ್ಟಿಗೆ

ಅವರು ತೀರಿಕೊಂಡ ಸುದ್ದಿ ಹಳೇ ಆಫೀಸಿನ ವಾಟ್ಸಾಪ್ ಗುಂಪಿಗೆ ಬಂದಾಗ ನಾನು ಅಲ್ ಬರ್ಷಾದ ಮನೆಯಲ್ಲಿ ಮಗನ ಡಬ್ಬಿಗೆ ಚಪಾತಿ ಸುತ್ತುತ್ತಿದ್ದೆ. ಮುಚ್ಚಳ ಹಾಕುವಷ್ಟರಲ್ಲಿ ಹತ್ತೊಂಬತ್ತು ಸಂತಾಪಗಳು ಬಂದಿದ್ದವು. ಎಲ್ಲ ಒಂದೇ ವಾಕ್ಯ. ಮೊದಲು ಬರೆದವರದ್ದನ್ನು ಉಳಿದವರು ಎತ್ತಿ ಅಂಟಿಸಿದ್ದರು, ಕೈ ಮುಗಿದ ಚಿತ್ರವೂ ಸೇರಿದಂತೆ. ನಾನೂ ಅಂಟಿಸಿದೆ. ಎರಡು ನಿಮಿಷ ಬಿಟ್ಟು ಹೇಸಿಗೆಯಾಗಿ ಅಳಿಸಿದೆ. ಅಳಿಸಿದ ಗುರುತು ಗುಂಪಿನಲ್ಲಿ ಹಾಗೇ ಉಳಿಯಿತು. ಯಾಕೆ ಅಳಿಸಿದೆ ಅಂತ ಯಾರೂ ಕೇಳಲಿಲ್ಲ.

ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು ಅನ್ನುತ್ತಾರೆ. ಅವರ ಬಗ್ಗೆ ಒಳ್ಳೆಯದು ಹೇಳಲು ನನಗೆ ಕಷ್ಟವೇನಿಲ್ಲ. ಆದರೆ ಅವರ ಕಥೆ ಹೇಳಹೊರಟರೆ ನನ್ನ ಬಣ್ಣ ಬಯಲಾಗುತ್ತದೆ. ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದಕ್ಕೆ ಅದೇ ಕಾರಣ, ಬೇರೆ ಘನವಾದ ಕಾರಣವೇನೂ ಇಲ್ಲ. ಹೆಸರು ಮಾತ್ರ ಬರೆಯುವುದಿಲ್ಲ. ಅವರಿಗೊಬ್ಬಳು ಮಗಳಿದ್ದಾಳೆ.

ನಮ್ಮ ಆಫೀಸು ಇದ್ದದ್ದು ದುಬೈ ಸಿಲಿಕಾನ್ ಓಯಸಿಸ್‌ನ ಒಂದು ಕಟ್ಟಡದ ಆರನೇ ಮಹಡಿಯಲ್ಲಿ. ಅಲ್ಲಿ ಏನು ಕೆಲಸ ಅಂತ ತುಮಕೂರಿನಲ್ಲಿರುವ ನನ್ನ ಅತ್ತೆಗೆ ಹೇಳಿ ಹೇಳಿ ಸೋತಿದ್ದೆ. ಬೇರೆ ಬೇರೆ ದೇಶದ ಲೈಬ್ರರಿಗಳಲ್ಲಿ ಹಳೆಯ ಕಾಗದಪತ್ರಗಳ ಪೆಟ್ಟಿಗೆಗಳಿರುತ್ತವೆ. ಯಾರದೋ ಪತ್ರ, ಯಾವುದೋ ಸಂಘದ ನಡಾವಳಿ, ಕರಪತ್ರ, ಡೈರಿ. ಅವುಗಳ ಫೋಟೋ ತೆಗೆದು ನಮಗೆ ಕಳಿಸುತ್ತಾರೆ. ಯಾರು ಯಾರಿಗೆ ಯಾವಾಗ ಏನು ಬರೆದರು ಅಂತ ನಾವು ಓದಿ, ಒಂದೊಂದು ಫೋಲ್ಡರಿಗೂ ಇಂಗ್ಲಿಷಿನಲ್ಲಿ ನಾಲ್ಕು ಸಾಲಿನ ಟಿಪ್ಪಣಿ ಬರೆಯಬೇಕು. ಮುಂದೆ ಯಾರಾದರೂ ಸಂಶೋಧಕರು ಹುಡುಕಿದರೆ ಮೊದಲು ಸಿಗುವುದು ಆ ನಾಲ್ಕು ಸಾಲು. "ಕಂಡವರ ಮನೆ ಕಾಗದ ಓದೋದಕ್ಕೂ ಸಂಬಳ ಕೊಡ್ತಾರೆ ಅಂತಾಯ್ತು," ಅಂದಿದ್ದರು ಅತ್ತೆ. ಅದು ಸುಳ್ಳೇನಲ್ಲ.

ಅವರು ನಮ್ಮ ತಂಡದ ಹಿರಿಯರು. ಉಡುಪಿ ಕಡೆಯವರು, ಮನೆಮಾತು ತುಳು. ಎಲ್ಲರೂ ಮೇಡಂ ಅನ್ನುತ್ತಿದ್ದರು, ನಾನು ಮಾತ್ರ ಅಕ್ಕ ಅನ್ನುತ್ತಿದ್ದೆ. ಬೆಳಿಗ್ಗೆ ಬಂದವರೇ ಬ್ಯಾಗು ಕುರ್ಚಿಗೆ ನೇತುಹಾಕಿ ನೇರ ಬಾತ್ರೂಮಿಗೆ ಹೋಗಿ ಮೊಣಕೈವರೆಗೆ ಕೈ ತೊಳೆದುಕೊಂಡು ಬರುತ್ತಿದ್ದರು. ಮುಟ್ಟಲು ಅಲ್ಲಿ ಕಾಗದವೇ ಇಲ್ಲ, ಎಲ್ಲ ಕಂಪ್ಯೂಟರಿನ ಪರದೆಯ ಮೇಲೆ.

"ಅಕ್ಕ, ಕೀಬೋರ್ಡಿಗೂ ಮಡೀನಾ?" ಅಂತ ಒಮ್ಮೆ ಛೇಡಿಸಿದೆ.

"ಇನ್ನೊಬ್ಬರ ಕಾಗದ ಓದ್ಲಿಕ್ಕೆ ಹೋಗುದಲ್ವಾ ಮಾರಾಯ್ತಿ. ಅವರೇನು ನಮ್ಮನ್ನು ಕರೀಲಿಲ್ಲ," ಅಂದರು.

ಇಷ್ಟು ಕೇಳಿ ಅವರನ್ನು ಸಾಧ್ವಿ ಅಂದುಕೊಳ್ಳಬೇಡಿ. ನಾಲಿಗೆ ಕತ್ತಿಯಂಥದು. ಇಡೀ ಆಫೀಸಿನಲ್ಲಿ ಬೆನ್ನಿಗೆ ಹಿತವಾಗಿದ್ದ ಒಂದೇ ಒಂದು ಕುರ್ಚಿಯನ್ನು ರಜೆಗೆ ಹೋಗುವಾಗ ಸ್ಟೋರ್ ರೂಮಿನಲ್ಲಿ ಬಚ್ಚಿಟ್ಟು ಹೋಗುತ್ತಿದ್ದರು. ಯಾರನ್ನೂ ಹೊಗಳಿದ್ದು ಕೇಳಿಲ್ಲ. ಮಧ್ಯಾಹ್ನಕ್ಕೆ ಗಂಜಿ, ಜೊತೆಗೆ ಒಣಮೀನಿನ ಚಟ್ನಿ. ಆ ಡಬ್ಬಿ ತೆರೆದರೆ ಇಡೀ ಮಹಡಿಗೆ ಗೊತ್ತಾಗುತ್ತಿತ್ತು. ನಮ್ಮ ಮ್ಯಾನೇಜರು ಮಂಗಳೂರಿನವರೇ, ಮನೆಯಲ್ಲಿ ಅದನ್ನೇ ತಿಂದು ಬೆಳೆದವರು. ಆದರೂ ಆಫೀಸಿನ ಮರ್ಯಾದೆಯ ಪ್ರಶ್ನೆ ಅಂತ ಪ್ಯಾಂಟ್ರಿಯಲ್ಲಿ ಬೇಡ ಅಂದರು. ಅವತ್ತಿನಿಂದ ಅಕ್ಕ ಲಿಫ್ಟಿನ ಹಿಂದಿನ ಮೆಟ್ಟಿಲ ಮೇಲೆ ಕೂತು ಉಣ್ಣುತ್ತಿದ್ದರು. ಚಟ್ನಿ ಮಾತ್ರ ಬಿಡಲಿಲ್ಲ. ನಾನೂ ನನ್ನ ಮೊಸರನ್ನದ ಡಬ್ಬಿ ಹಿಡಿದು ಅಲ್ಲೇ ಹೋಗಿ ಕೂರುತ್ತಿದ್ದೆ.

ಕೆಲಸ ಕಲಿಸಿದ್ದು ಅವರೇ. ಸೇರಿದ ಹೊಸದರಲ್ಲಿ ಯಾವುದೋ ಸೈನಿಕನ ಪತ್ರಕ್ಕೆ ನಾನು 'ಹೃದಯಸ್ಪರ್ಶಿ' ಅಂತ ಬರೆದಿದ್ದೆ. ಪೆನ್ಸಿಲಿನ ತುದಿಯಿಂದ ಪರದೆಯ ಮೇಲೆ ಆ ಪದವನ್ನು ಕುಟ್ಟಿದರು.

"ಯಾರ ಹೃದಯ? ನಿಂದಾ? ಅದು ಆ ಪೆಟ್ಟಿಗೆಯಲ್ಲಿ ಉಂಟಾ?"

"ಇಲ್ಲ ಅಕ್ಕ."

"ಮತ್ತೆಂತಕ್ಕೆ ಬರೆದದ್ದು? ಇದ್ದದ್ದು ಬರಿ. ಅನಿಸಿದ್ದನ್ನು ಮನೆಗೆ ತಕೊಂಡು ಹೋಗು."

ನಾನು ಬರೆದದ್ದನ್ನೆಲ್ಲ ಅವರು ತಿದ್ದಿಯೇ ಮುಂದೆ ಕಳಿಸುತ್ತಿದ್ದದ್ದು. ದಿನಕ್ಕೆ ಹತ್ತು ಸಲ ಉಗಿಸಿಕೊಂಡು ಒಂದು ವರ್ಷದಲ್ಲಿ ಇಂಗ್ಲಿಷೂ ಕಲಿತೆ, ಬರೆಯುವುದನ್ನೂ ಕಲಿತೆ. ಆ ವಿದ್ಯೆಯನ್ನು ನಾನು ಯಾವುದಕ್ಕೆ ಬಳಸಿದೆ ಅನ್ನುವುದೇ ಈ ಬರಹದ ವಿಷಯ.

ಆ ವರ್ಷ ಅಮೆರಿಕದ ಒಂದು ವಿಶ್ವವಿದ್ಯಾಲಯದ ಲೈಬ್ರರಿಯಿಂದ ಇಪ್ಪತ್ತೆರಡು ಪೆಟ್ಟಿಗೆಗಳ ಕೆಲಸ ಬಂತು. ಮಾರ್ಮನ್ ಜನ ಮತ್ತು ಹೆಂಗಸರ ಸಮಾನ ಹಕ್ಕಿನ ಚರ್ಚೆಗೆ ಸಂಬಂಧಪಟ್ಟ ಕಾಗದಗಳು. ಮಾರ್ಮನ್ ಅನ್ನುವುದು ಅಮೆರಿಕದಲ್ಲೇ ಹುಟ್ಟಿದ ಒಂದು ಕ್ರೈಸ್ತ ಪಂಥ. ಪಕ್ಕದ ಮೇಜಿನ ಹುಡುಗಿ ಕೇಳಿದ ಮೊದಲ ಪ್ರಶ್ನೆಯೇ, "ಅವರಲ್ಲಿ ನಾಲ್ಕೈದು ಹೆಂಡತಿಯರು ಇರ್ತಾರಲ್ವಾ ಮೇಡಂ?" ಅಂತ. "ಅದು ಅವರು ಬಿಟ್ಟು ನೂರು ವರ್ಷ ದಾಟಿತು. ನೀನು ಬಿಡು ಇನ್ನು," ಅಂದರು ಅಕ್ಕ.

ಎಪ್ಪತ್ತರ ದಶಕದಲ್ಲಿ ಅಮೆರಿಕದವರು ತಮ್ಮ ಸಂವಿಧಾನಕ್ಕೆ ಒಂದು ತಿದ್ದುಪಡಿ ತರಲು ಹೊರಟಿದ್ದರು. ಹೆಣ್ಣು ಗಂಡೆಂದು ಕಾನೂನು ಭೇದ ಮಾಡಬಾರದು, ಅಷ್ಟೇ ಅದರ ಸಾರ. ಮಾರ್ಮನ್ ಧರ್ಮಗುರುಗಳು ಅದು ಬೇಡ ಅಂದರು. ಆ ಪಂಥದ ಹೆಂಗಸರಲ್ಲಿ ಕೆಲವರು ಬೇಕು ಅಂತ ನಿಂತರು, ಬಹಳ ಮಂದಿ ಬೇಡ ಅಂತ ನಿಂತರು. ಎರಡೂ ಕಡೆಯವರ ಪತ್ರಗಳು, ಸಭೆಗಳ ಟಿಪ್ಪಣಿಗಳು, ಮನೆಮನೆಗೆ ಹಂಚಿದ ಕರಪತ್ರಗಳು ಆ ಪೆಟ್ಟಿಗೆಗಳಲ್ಲಿದ್ದವು. ಕೊನೆಗೆ ಗಡುವಿನೊಳಗೆ ಬೇಕಾದಷ್ಟು ರಾಜ್ಯಗಳು ಒಪ್ಪದೆ ತಿದ್ದುಪಡಿ ಬಿದ್ದುಹೋಯಿತು.

"ಒಂದು ವಿಚಿತ್ರ ನೋಡು," ಅಂದರು ಅಕ್ಕ ಮೆಟ್ಟಿಲ ಮೇಲೆ ಗಂಜಿ ಕಲಸುತ್ತಾ. "ಅಮೆರಿಕದ ಹೆಚ್ಚಿನ ಹೆಂಗಸರಿಗೆ ಓಟು ಸಿಗುವ ಎಷ್ಟೋ ಮೊದಲೇ ಇವರ ಅಜ್ಜಿಯಂದಿರಿಗೆ ಸಿಕ್ಕಿತ್ತು. ಮೊಮ್ಮಕ್ಕಳು ಸಮಾನ ಹಕ್ಕು ಬೇಡ ಅಂತಾರೆ."

"ತಲೆ ಕೆಟ್ಟಿರಬೇಕು," ಅಂದೆ.

"ನಮ್ಮಲ್ಲಿ ಎಂತ ಉಂಟು ಹೇಳು? ಅಳಿಯಸಂತಾನ. ಮನೆ, ಗದ್ದೆ ಎಲ್ಲ ಹೆಂಗಸಿನ ಹೆಸರಲ್ಲಿ. ಬೀಗದ ಕೈ ಮಾತ್ರ ಸೋದರಮಾವನ ಸೊಂಟದಲ್ಲಿ. ನನ್ನ ದೊಡ್ಡಮ್ಮನಿಗೆ ಅದನ್ನು ಕೇಳಿ ತಕೊಳ್ಳಿ ಅಂದ್ರೆ ನನಗೇ ಬೈದಿದ್ರು. ಮಾವ ನೋಡ್ಕೊಳ್ತಾರಲ್ಲ, ನನಗೆಂತಕ್ಕೆ ತಲೆಬಿಸಿ ಅಂತ."

ಹದಿನಾಲ್ಕನೇ ಪೆಟ್ಟಿಗೆ ನನ್ನ ಪಾಲಿಗೆ ಬಂದಿತ್ತು. ಅದರ ಮೂರನೇ ಫೋಲ್ಡರಿನ ತುಂಬಾ ಬೇಡ ಅಂದ ಹೆಂಗಸರು ತಮ್ಮ ಜನಪ್ರತಿನಿಧಿಗೆ ಬರೆದ ಪತ್ರಗಳು. ಹತ್ತು ಪತ್ರ ಓದುವಷ್ಟರಲ್ಲಿ ನನಗೆ ಗೊತ್ತಾಯಿತು, ಎಲ್ಲ ಒಂದೇ ಕರಡಿನ ನಕಲು. ಯಾರೋ ಒಂದು ಮಾದರಿ ಬರೆದು ಹಂಚಿದ್ದರು, ಇವರು ಮನೆಯಲ್ಲಿ ಕೂತು ತಮ್ಮ ತಮ್ಮ ಅಕ್ಷರದಲ್ಲಿ ಇಳಿಸಿದ್ದರು. ಈಗಿರುವ ಗೌರವವನ್ನು ಕೊಟ್ಟು ಸಮಾನತೆಯನ್ನು ಕೊಂಡುಕೊಳ್ಳುವುದು ನಮಗೆ ಬೇಡ ಎಂಬ ಅರ್ಥದ ಒಂದು ವಾಕ್ಯ ಪ್ರತಿಯೊಂದರಲ್ಲೂ ಇತ್ತು. ಓದಿ ಓದಿ ನನಗೆ ಬಾಯಿಪಾಠವಾಗಿಹೋಯಿತು. ನಾನು ಟಿಪ್ಪಣಿಯಲ್ಲಿ, ವಿಷಯ ತಿಳಿಯದ ಗೃಹಿಣಿಯರು ಹೇಳಿಕೊಟ್ಟಂತೆ ಬರೆದ ಪತ್ರಗಳು ಅಂತ ಹಾಕಿದೆ.

ಅಕ್ಕ ನನ್ನ ಕುರ್ಚಿಯ ಪಕ್ಕ ಬಂದು ಕೂತರು. ಸಿಟ್ಟು ಬಂದಾಗ ಅವರು ಕೂರುತ್ತಿದ್ದರು, ನಿಂತು ಬೈದದ್ದು ನೋಡಿಲ್ಲ.

"ವಿಷಯ ತಿಳಿಯದವರು ಅಂತ ನಿನಗೆ ಯಾರು ಹೇಳಿದ್ದು?"

"ಎಲ್ಲ ಕಾಪಿ ಅಕ್ಕ. ಸ್ವಂತ ಬುದ್ಧಿ ಇದ್ದಿದ್ರೆ ಹಾಗೆ ಬರೀತಿದ್ರಾ?"

"ಕಾಪಿ ಅಂತ ಬರಿ. ಅದು ಇದ್ದದ್ದು. ದಡ್ಡಿಯರು ಅಂತ ಬರೀಬೇಡ. ಅವರಿಗೆ ಎಂತದೋ ಕೈತಪ್ಪಿ ಹೋಗ್ತದೆ ಅಂತ ಹೆದರಿಕೆ ಇತ್ತು. ಗಂಡ ಸಾಕುವುದು ನಿಂತುಹೋದ್ರೆ, ಮಕ್ಕಳನ್ನು ಬಿಟ್ಟು ದುಡಿಯಲಿಕ್ಕೆ ಹೋಗು ಅಂತ ಹೇಳಿದ್ರೆ ಅಂತ. ಎಲ್ಲ ಪತ್ರ ಓದಿದ್ಯಾ?"

ಹದಿನೈದು ಓದಿ ಬಿಟ್ಟಿದ್ದೆ. ಓದಿಸಿದರು. ನಲವತ್ತರ ಆಸುಪಾಸಿನಲ್ಲಿ ಒಂದು ಪತ್ರ ಸಿಕ್ಕಿತು. ಅದೇ ಕರಡು, ಅದೇ ವಾಕ್ಯ. ಕೆಳಗೆ ಸಹಿಯಾದ ಮೇಲೆ ಪೆನ್ಸಿಲಿನಲ್ಲಿ ಒಂದು ಸಾಲು. ನನ್ನ ಗಂಡನಿಗೆ ಏನಾದರೂ ಆದರೆ ಈ ಮನೆ ನನ್ನದಾಗಿ ಉಳಿಯುತ್ತದೆಯೇ, ದಯವಿಟ್ಟು ತಿಳಿಸಿ ಅಂತ ಆ ಹೆಂಗಸು ಕೇಳಿದ್ದಳು. ಉತ್ತರದ ಪ್ರತಿ ಫೋಲ್ಡರಿನಲ್ಲಿ ಇರಲಿಲ್ಲ. ಆ ಪೆನ್ಸಿಲ್ ಸಾಲನ್ನು ಟಿಪ್ಪಣಿಯಲ್ಲಿ ಸೇರಿಸಿ, ಉತ್ತರ ಲಭ್ಯವಿಲ್ಲ ಅಂತ ಬರೆಸಿದ ಮೇಲೇ ಅಕ್ಕ ಎದ್ದದ್ದು.

ಅವರ ಮನೆಯ ಸಂಗತಿ ನನಗೆ ತಿಳಿದದ್ದು ಆಮೇಲೆ. ಗಂಡ ಅಬುಧಾಬಿಯ ಖಾಲಿದಿಯಾದಲ್ಲಿ ತನ್ನ ತಾಯಿಯ ಜೊತೆ ಇದ್ದ. ಕುಡುಕನಲ್ಲ, ಹೊಡೆಯುವವನಲ್ಲ, ಬೇರೆ ಸಂಸಾರವೂ ಇಲ್ಲ. ಇವರು ಕೆಲಸ ಬಿಟ್ಟು ಅಲ್ಲಿಗೆ ಬರಬೇಕು ಅಂತ ಅವನ ಹಟ, ಬಿಡುವುದಿಲ್ಲ ಅಂತ ಇವರ ಹಟ. ನಾಲ್ಕು ವರ್ಷದಿಂದ ಇವರು ಮಗಳ ಜೊತೆ ಸಿಲಿಕಾನ್ ಓಯಸಿಸ್‌ನಲ್ಲೇ ಒಂದು ಕೋಣೆಯ ಫ್ಲ್ಯಾಟಿನಲ್ಲಿದ್ದರು. ಮಗಳು ಹತ್ತನೇ ತರಗತಿ. ತಾಯಿ ಮಗಳು ಇಬ್ಬರ ವೀಸಾವೂ ಗಂಡನ ಹೆಸರಿನಲ್ಲಿ. ಆ ವರ್ಷ ನವೀಕರಣ ಬಂದಾಗ ಅವನು ಒಂದೇ ಮಾತು ಹೇಳಿದ. ಪರೀಕ್ಷೆ ಮುಗಿದ ಕೂಡಲೇ ಮಗಳು ಖಾಲಿದಿಯಾಕ್ಕೆ ಬರಬೇಕು, ಇಲ್ಲದಿದ್ದರೆ ಇಬ್ಬರ ವೀಸಾವನ್ನೂ ಕ್ಯಾನ್ಸಲ್ ಮಾಡುತ್ತೇನೆ.

ದಾರಿ ಒಂದು ಇತ್ತು. ನಮ್ಮ ಕಂಪನಿ ಗಂಡಸರಿಗೆ 'ಫ್ಯಾಮಿಲಿ ಸ್ಟೇಟಸ್' ಕೊಡುತ್ತಿತ್ತು. ಹಾಗೆಂದರೆ ಮನೆಯ ಒಪ್ಪಂದ ಕಂಪನಿಯದು, ಮಕ್ಕಳ ವೀಸಾಕ್ಕೆ ಬೇಕಾದ ಪತ್ರ ಕಂಪನಿಯದು. ಹೆಂಗಸರು ಮಾತ್ರ ಹತ್ತು ಮಕ್ಕಳ ತಾಯಿಯಾದರೂ ಕಂಪನಿಯ ಲೆಕ್ಕದಲ್ಲಿ 'ಸಿಂಗಲ್'. ಆ ಒಂದು ಪದ ಬದಲಾದರೆ ಅಕ್ಕ ಮಗಳನ್ನು ತಮ್ಮ ಹೆಸರಿನಲ್ಲೇ ಇಟ್ಟುಕೊಳ್ಳಬಹುದಿತ್ತು. ಅವರು ಅರ್ಜಿ ಬರೆದರು. ನನಗೆ ಕೊಡಿ ಅಂತ ಬರೆಯಲಿಲ್ಲ, ಗಂಡಾಗಲಿ ಹೆಣ್ಣಾಗಲಿ ಎಲ್ಲ ನೌಕರರಿಗೂ ಒಂದೇ ನಿಯಮ ಇರಲಿ ಅಂತ ಬರೆದರು. ಅದೇ ಅವರು ಮಾಡಿದ ತಪ್ಪು ಅಂತ ಆಮೇಲೆ ಎಲ್ಲರೂ ಹೇಳಿದರು. ತನ್ನೊಬ್ಬಳಿಗೆ ಕೇಳಿದ್ದರೆ ಮ್ಯಾನೇಜರು ಹೇಗೋ ಮಾಡಿಕೊಡುತ್ತಿದ್ದರಂತೆ. ಮಾಡಿಕೊಡುತ್ತಿದ್ದರೋ ಇಲ್ಲವೋ, ಹಾಗೆ ಹೇಳಿಕೊಂಡರೆ ನಮಗೆ ಹಿತವಾಗಿತ್ತು.

ಅಕ್ಕನನ್ನು ಬಿಟ್ಟರೆ ತಂಡದಲ್ಲಿ ನಾವು ಏಳು ಹೆಂಗಸರು. ಸಹಿ ಹಾಕ್ತೀರಾ ಅಂತ ಕೇಳಿದಾಗ ಎಲ್ಲರಿಗಿಂತ ಮೊದಲು, "ಹಾಕದೇ ಏನಕ್ಕ, ಮೊದಲ ಸಹಿ ನಂದೇ," ಅಂದವಳು ನಾನು.

"ಯೋಚನೆ ಮಾಡಿ ಹೇಳು. ಗಂಡನ ಹತ್ರ ಮಾತಾಡು," ಅಂದರು.

"ಇದಕ್ಕೆಲ್ಲ ಗಂಡನ್ನ ಕೇಳ್ಬೇಕಾ?" ಅಂತ ದೊಡ್ಡ ಮಾತಾಡಿದೆ.

ಎರಡು ದಿನ ಬಿಟ್ಟು ಮ್ಯಾನೇಜರು ನನ್ನನ್ನು ಕ್ಯಾಬಿನ್ನಿಗೆ ಕರೆದರು. ಅವರದ್ದು ಜೇನಿನಂಥ ಮಾತು. ಎಲ್ಲ ಹೆಂಗಸರಿಗೂ ಸಿಸ್ಟರ್ ಅನ್ನುತ್ತಿದ್ದರು.

"ನೋಡಿ ಸಿಸ್ಟರ್, ನನಗೆ ಮೇಡಂ ಮೇಲೆ ಗೌರವ ಉಂಟು. ಆದ್ರೆ ಈಕ್ವಲ್ ಅಂದ್ರೆ ಈಕ್ವಲ್ ಅಲ್ವಾ? ಈಗ ನಿಮಗೆಲ್ಲ ಲೇಡೀಸ್ ಟೈಮಿಂಗ್ ಉಂಟು. ನಾಲ್ಕು ಗಂಟೆಗೆ ಮನೆಗೆ ಹೋಗ್ತೀರಿ. ಶನಿವಾರ ಬರ್ಲಿಕ್ಕಿಲ್ಲ. ನಾಳೆ ಹೆಡ್ ಆಫೀಸಿನವರು, ಸರಿ, ಎಲ್ಲ ಒಂದೇ ಅಂತ ಹೇಳಿದ್ರೆ? ಸಂಜೆ ಶಿಫ್ಟ್ ನಿಮಗೂ ಬರ್ತದೆ. ನಿಮ್ಮ ಮಗುವನ್ನು ಯಾರು ನೋಡ್ಕೊಳ್ತಾರೆ?"

ಮಗನಿಗೆ ಆಗ ಐದು ವರ್ಷ. ಸ್ಕೂಲ್ ಬಸ್ಸು ಅಲ್ ಬರ್ಷಾಕ್ಕೆ ಬರುವುದು ಐದು ಗಂಟೆಗೆ.

"ಸುಮ್ಮನೆ ಒಂದು ಸಣ್ಣ ಡ್ರಾಫ್ಟ್ ಮಾಡಿ. ಈಗಿನ ವ್ಯವಸ್ಥೆ ನಮಗೆ ಸಾಕು ಅಂತ. ಉಳಿದವರು ನೋಡಿ ಬರೀತಾರೆ. ಕೈಯಲ್ಲೇ ಬರೀಲಿ, ಮನಸ್ಸಿಂದ ಬಂದ ಹಾಗೆ ಕಾಣ್ತದೆ. ನಿಮ್ಮ ಇಂಗ್ಲಿಷ್ ಚಂದ ಉಂಟು. ಮೇಡಮ್ಮೇ ಕಲಿಸಿದ್ದಲ್ವಾ?"

ಆ ಕೊನೆಯ ಮಾತಿಗೆ ನಾನು ಎದ್ದು ಬರಬೇಕಿತ್ತು. ಬರಲಿಲ್ಲ. ಮನೆಯಲ್ಲಿ ಗಂಡನಿಗೆ ಹೇಳಿದರೆ, "ಊರ ಉಸಾಬರಿ ನಿನಗ್ಯಾಕೆ? ನಿನ್ನ ವೀಸಾ ನನ್ನ ಮೇಲಿದೆಯಲ್ಲ, ನಿನಗೇನು ಕಮ್ಮಿಯಾಗಿದೆ?" ಅಂದರು. ಏನೂ ಕಮ್ಮಿಯಾಗಿರಲಿಲ್ಲ. ತಟ್ಟೆ ತೊಳೆದಿಟ್ಟು ಅಡುಗೆಮನೆಯ ಕಟ್ಟೆಯ ಮೇಲೇ ಕಾಗದ ಇಟ್ಟು ಬರೆಯಲು ನಿಂತೆ. ಇಂಥ ಪತ್ರ ಬರೆಯುವುದು ಸುಲಭವಲ್ಲ. ಯಾಕೆ ಬೇಡ ಅಂತ ಹೇಳಬೇಕು, ಆದರೆ ಹೇಡಿಗಳು ಅನ್ನಿಸಬಾರದು, ಸ್ವಲ್ಪ ಗಾಂಭೀರ್ಯವೂ ಇರಬೇಕು. ಅರ್ಧ ಗಂಟೆ ತಿಣುಕಿದೆ. ಆಗ ತನ್ನಷ್ಟಕ್ಕೆ ಒಂದು ವಾಕ್ಯ ಬಂತು. ಎಷ್ಟು ಚೆನ್ನಾಗಿ ಬಂತು ಅಂದರೆ ನನಗೇ ಹೆಮ್ಮೆಯಾಯಿತು. ಎಲ್ಲಿಂದ ಬಂತು ಅಂತ ಆ ಕ್ಷಣಕ್ಕೆ ನನಗೆ ಹೊಳೆಯಲೇ ಇಲ್ಲ. ಇದನ್ನು ಯಾರೂ ನಂಬಲಿಕ್ಕಿಲ್ಲ, ನಂಬಬೇಕು ಅಂತ ನಾನು ಕೇಳುವುದೂ ಇಲ್ಲ.

ಮರುದಿನ ಉಳಿದ ಆರು ಜನ ನನ್ನದನ್ನು ನೋಡಿ ಇಳಿಸಿದರು, ಏಳೂ ಪತ್ರಗಳು ಮ್ಯಾನೇಜರ ಮೇಜಿಗೆ ಹೋದವು. ಮಧ್ಯಾಹ್ನ ಅವರು ಅಕ್ಕನನ್ನು ಕರೆದು, ನಿಮ್ಮ ಲೇಡೀಸ್‌ಗೇ ಬೇಡವಂತಲ್ಲ ಮೇಡಂ, ನೀವೇ ಓದಿ ಅಂತ ಆ ಪತ್ರಗಳನ್ನು ಕೈಗೆ ಕೊಟ್ಟರು. ಗಾಜಿನ ಗೋಡೆಯ ಕ್ಯಾಬಿನ್, ಹೊರಗಿನಿಂದ ಎಲ್ಲ ಕಾಣುತ್ತಿತ್ತು. ಅಕ್ಕ ಕನ್ನಡಕ ಹಾಕಿಕೊಂಡು ಮೊದಲನೆಯದನ್ನು ಪೂರ್ತಿ ಓದಿದರು. ಎರಡನೆಯದನ್ನು ಓದಿದರು. ಮೂರನೆಯದನ್ನು ಓದುತ್ತಾ ಬೆರಳು ಒಂದು ಕಡೆ ನಿಂತಿತು. ಉಳಿದ ನಾಲ್ಕರಲ್ಲೂ ಬೆರಳು ನೇರ ಅಲ್ಲಿಗೇ ಹೋಯಿತು. ಆದರೂ ಎಲ್ಲವನ್ನೂ ಕೊನೆಯವರೆಗೆ ಓದಿದರು, ಹಿಂಬದಿಯನ್ನೂ ತಿರುಗಿಸಿ ನೋಡಿದರು. ಅವರು ಏನು ಹುಡುಕುತ್ತಿದ್ದಾರೆ ಅಂತ ನನಗೆ ಆಗ ಅರ್ಥವಾಯಿತು. ಪೆನ್ಸಿಲಿನಲ್ಲಿ ಬರೆದ ಒಂದು ಸಾಲು ಯಾವುದರಲ್ಲಾದರೂ ಇದೆಯೋ ಅಂತ. ನಮ್ಮ ಏಳರಲ್ಲಿ ಅಂಥದ್ದು ಒಂದೂ ಇರಲಿಲ್ಲ.

ಹೊರಗೆ ಬಂದು ನನ್ನ ಮೇಜಿನ ಹತ್ತಿರ ನಿಂತರು.

"ಹದಿನಾಲ್ಕನೇ ಪೆಟ್ಟಿಗೆ, ಮೂರನೇ ಫೋಲ್ಡರ್," ಅಂದರು.

ಇಷ್ಟೇ. ದನಿ ಏರಿಸಲಿಲ್ಲ, ಮುಖ ತಿರುಗಿಸಲೂ ಇಲ್ಲ. ಆಮೇಲೆ ಕೈ ತೊಳೆಯಲು ಹೋದರು. ನಾನು ಪರದೆಯನ್ನು ನೋಡುತ್ತಾ ಕೂತೆ. ನನ್ನ ಅಕ್ಷರದಲ್ಲಿ, ಆ ಆರು ಜನರ ಅಕ್ಷರದಲ್ಲಿ, ಸಾವಿರಾರು ಮೈಲಿ ಆಚೆಯ ಆ ಹೆಂಗಸರ ವಾಕ್ಯ ಯಥಾವತ್ತಾಗಿ ಮ್ಯಾನೇಜರ ಮೇಜಿನ ಮೇಲೆ ಬಿದ್ದಿತ್ತು. ಅವರನ್ನು ನಾನು ಸ್ವಂತ ಬುದ್ಧಿ ಇಲ್ಲದವರು ಅಂದಿದ್ದೆ.

ಬೈದಿದ್ದರೆ ಚೆನ್ನಾಗಿತ್ತು. ಅವರು ಮಾಡಿದ್ದು ಬೇರೆ. ಅಂದಿನಿಂದ ನನ್ನ ಟಿಪ್ಪಣಿಗಳನ್ನು ತಿದ್ದುವುದನ್ನೇ ಬಿಟ್ಟರು. ನಾನು ಬೇಕೆಂದೇ 'ಮನಮುಟ್ಟುವ' ಅಂತ ಒಂದು ಕಡೆ ಬರೆದು ಕಳಿಸಿದೆ, ಕುಟ್ಟಲಿ ಅಂತ. ಹಾಗೇ ಮುಂದೆ ಹೋಯಿತು. ಈಗಲೂ ಆ ಲೈಬ್ರರಿಯ ಪಟ್ಟಿಯಲ್ಲಿ ಆ ಪದ ಇರಬೇಕು.

ಅರ್ಜಿ ತಿರಸ್ಕೃತವಾಯಿತು. ಏಪ್ರಿಲ್‌ನಲ್ಲಿ ಗಂಡ ಕಾರು ತಂದು ಮಗಳನ್ನೂ ಅವಳ ಎರಡು ಸೂಟ್‌ಕೇಸುಗಳನ್ನೂ ಹಾಕಿಕೊಂಡು ಹೋದ. ಮಗಳನ್ನು ಕಳಿಸಿದರೂ ಇವರ ವೀಸಾವನ್ನು ಕ್ಯಾನ್ಸಲ್ ಮಾಡಿದ. ಕಂಪನಿ ದೊಡ್ಡ ಮನಸ್ಸು ಮಾಡಿ ಇವರಿಗೆ ವೀಸಾ ಕೊಟ್ಟಿತು, ಸಿಂಗಲ್ ಅಂತಲೇ. ಇವರು ಫ್ಲ್ಯಾಟು ಬಿಟ್ಟು ನಾಲ್ಕು ಜನ ಹೆಂಗಸರಿರುವ ಒಂದು ಶೇರಿಂಗ್ ಕೋಣೆಗೆ ಹೋದರು. ಪ್ರತಿ ಶನಿವಾರ ಇಬ್ನ್ ಬತೂತಾ ನಿಲ್ದಾಣದಿಂದ ಅಬುಧಾಬಿಯ ಬಸ್ಸು ಹಿಡಿಯುತ್ತಿದ್ದರು. ಖಾಲಿದಿಯಾದ ಒಂದು ಮಾಲಿನ ಫುಡ್ ಕೋರ್ಟಿನಲ್ಲಿ ಎರಡು ಗಂಟೆ ಮಗಳನ್ನು ನೋಡಲು ಅಪ್ಪಣೆ. ಎದುರು ಮೇಜಿನಲ್ಲಿ ಅವರ ಅತ್ತೆ ಕೂತಿರುತ್ತಿದ್ದರಂತೆ.

ಇದನ್ನೆಲ್ಲ ಅವರು ನನಗೆ ಹೇಳಿದ್ದು ಕೇಳಿದ್ದಕ್ಕೆ ಉತ್ತರವಾಗಿ ಮಾತ್ರ. ಮೆಟ್ಟಿಲ ಮೇಲೆ ನಾನು ಮತ್ತೆ ಹೋಗಿ ಕೂತೆ. ಓಡಿಸಲಿಲ್ಲ. ಒಂದು ದಿನ ಧೈರ್ಯ ಮಾಡಿ, "ಅಕ್ಕ, ನನ್ನ ಮಗು ಚಿಕ್ಕದು, ನನಗೂ ಬೇರೆ ದಾರಿ ಇರ್ಲಿಲ್ಲ," ಅಂದೆ.

"ಗೊತ್ತುಂಟು. ಅವರಿಗೂ ಚಿಕ್ಕ ಮಕ್ಕಳು ಇದ್ವು," ಅಂದರು. ಯಾರಿಗೆ ಅಂತ ಕೇಳುವ ಅಗತ್ಯವಿರಲಿಲ್ಲ.

ಚಟ್ನಿಯ ಡಬ್ಬಿ ಮುಚ್ಚಿ, "ನನಗೆ ನಿನ್ನ ಮೇಲೆ ಕೋಪ ಉಂಟು. ಇಲ್ಲ ಅಂತ ನಾನು ಹೇಳುದಿಲ್ಲ. ಹೋಗ್ತದೋ ಇಲ್ವೋ ಅದೂ ಗೊತ್ತಿಲ್ಲ. ಗಂಜಿ ತಣ್ಣಗಾಗ್ತದೆ, ಸುಮ್ಮನೆ ಉಣ್ಣು," ಅಂದರು. ಮೊಸರನ್ನ ತಣ್ಣಗಾಗುವುದು ಏನಿಲ್ಲ. ಆದರೂ ಉಂಡೆ.

ಇನ್ನೊಂದು ತಮಾಷೆ ಕೇಳಿ. ಆ ವರ್ಷದ ಕೊನೆಗೆ ಹೆಡ್ ಆಫೀಸಿನಿಂದ ಸುತ್ತೋಲೆ ಬಂತು. ಲೇಡೀಸ್ ಟೈಮಿಂಗ್ ರದ್ದು. ಯಾರೂ ಸಮಾನತೆ ಕೇಳಿರಲಿಲ್ಲ, ಅರ್ಜಿ ಆಗಲೇ ಕಸದಬುಟ್ಟಿ ಸೇರಿತ್ತು. ಗಿರಾಕಿಗಳು ಕೆಲಸ ಬೇಗ ಬೇಕು ಅಂದರು, ಅಷ್ಟೇ. ನಾವು ಏಳೂ ಜನ ಆರೂವರೆವರೆಗೆ ಕೂತೆವು, ಶನಿವಾರಕ್ಕೂ ಸರದಿ ಬಂತು. ಮ್ಯಾನೇಜರು, "ಎಂತ ಮಾಡುದು ಸಿಸ್ಟರ್, ನನ್ನ ಕೈಯಲ್ಲಿಲ್ಲ," ಅಂದರು. ನನ್ನ ಮಗನನ್ನು ಕೆಳಗಿನ ಮನೆಯ ಫಿಲಿಪಿನೋ ಹೆಂಗಸೊಬ್ಬರು ನೋಡಿಕೊಂಡರು. ದಾರಿ ಇರಲಿಲ್ಲ ಅಂದಿದ್ದೆನಲ್ಲ, ಇತ್ತು.

ಅಷ್ಟರಲ್ಲಿ ಅಕ್ಕ ರಾಜೀನಾಮೆ ಕೊಟ್ಟಿದ್ದರು. ಶನಿವಾರವೂ ಕೆಲಸವಾದ ಮೇಲೆ ಮಗಳನ್ನು ನೋಡುವುದೂ ತಪ್ಪಿ, ಅವರಿಗೆ ಈ ದೇಶದಲ್ಲಿ ಇರಲು ಕಾರಣವೇ ಉಳಿಯಲಿಲ್ಲ. ನಮ್ಮ ಏಳು ಪತ್ರ ಮೊದಲ ಏಟು ಹಾಕಿದರೆ ಸುತ್ತೋಲೆ ಎರಡನೆಯದನ್ನು ಹಾಕಿತು. ಬೀಳ್ಕೊಡುಗೆಗೆ ಕೇಕು ತಂದಿದ್ದೆವು, ಎಲ್ಲರೂ ಸೇರಿ ಒಂದು ಕಾರ್ಡಿಗೆ ಸಹಿ ಮಾಡಿದ್ದೆವು. ಅದಕ್ಕೆ ಮಾತ್ರ ಎಲ್ಲರ ಸಹಿ ಸಿಕ್ಕಿತು. ಅವರ ಹುದ್ದೆ ನನಗೆ ಬಂತು. ಕುರ್ಚಿಯೂ.

ಮಂಗಳೂರಿನಲ್ಲಿ ಯಾವುದೋ ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದ್ದಾರೆ ಅಂತ ಕೇಳಿದ್ದೆ. ಹಬ್ಬಕ್ಕೆ ನಾನು ಸಂದೇಶ ಕಳಿಸಿದರೆ, 'ನಿಮಗೂ' ಅಂತ ಒಂದು ಪದ ಬರುತ್ತಿತ್ತು. ನೀನು ಅನ್ನುತ್ತಿದ್ದವರು ನಿಮಗೂ ಅಂತ ಬರೆದದ್ದನ್ನು ನಾನು ಪ್ರತಿ ಸಲ ನೋಡಿ ನುಂಗಿಕೊಂಡೆ. ನಾಲ್ಕು ವರ್ಷ ಕಳೆದು ಕಾಯಿಲೆ ಅಂತ ಸುದ್ದಿ ಬಂತು. ಆಮೇಲೆ ವಾಟ್ಸಾಪ್‌ನಲ್ಲಿ ಆ ಸುದ್ದಿ.

ಮಗಳು ಈಗ ಅಬುಧಾಬಿಯಲ್ಲೇ ಡಿಗ್ರಿ ಓದುತ್ತಿದ್ದಾಳೆ. ತಾಯಿಯ ಕೊನೆಯ ಹದಿನೈದು ದಿನ ಮಂಗಳೂರಿಗೆ ಹೋಗಿ ಜೊತೆಗಿದ್ದು, ಎಲ್ಲ ಮುಗಿಸಿ ವಾಪಸು ಬಂದಳಂತೆ. ಅವಳ ನಂಬರು ಹೇಗೋ ಸಿಕ್ಕಿತು. ಕಳೆದ ಭಾನುವಾರ ಖಾಲಿದಿಯಾಕ್ಕೆ ಹೋದೆ. ಅಪ್ಪ ಮನೆಯಲ್ಲಿರಲಿಲ್ಲ. ಅಜ್ಜಿ ಬಾಗಿಲು ತೆರೆದು, ಯಾರು ಅಂತ ಕೇಳಿ, ಒಳಗೆ ಹೋಗಿ ಟಿವಿ ಮುಂದೆ ಕೂತರು.

ಹುಡುಗಿ ಚಹಾ ಮಾಡಿ ತಂದಳು. ಕೈ ಬೀಸುವ ರೀತಿ, ಕೂತು ಮಾತಾಡುವ ರೀತಿ ಎಲ್ಲ ತಾಯಿಯದೇ. ಮಾತು ಮಾತ್ರ ಪೂರ್ತಿ ಇಂಗ್ಲಿಷು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟಳು. ಓದು, ಕಾಲೇಜು, ತಾಯಿಯ ನೋವು. ಅಳಲಿಲ್ಲ. ಆಮೇಲೆ ಚಹಾದ ಲೋಟ ಕೆಳಗಿಟ್ಟು, "ಥ್ಯಾಂಕ್ಯೂ ಆಂಟಿ," ಅಂದಳು.

"ಯಾಕೆ?"

"ಆ ಲೆಟರ್‌ಗೆ. ಅಮ್ಮ ಹೇಳಿದ್ರು." ಈ ಮಾತನ್ನು ಅವಳು ತಡವರಿಸುತ್ತಾ ಕನ್ನಡದಲ್ಲೇ ಹೇಳಿದಳು. "ಆಫೀಸಲ್ಲಿ ಏಳು ಆಂಟೀಸ್ ಅಮ್ಮನಿಗೋಸ್ಕರ ಕೈಯಲ್ಲಿ ಲೆಟರ್ ಬರೆದ್ರು ಅಂತ. ನನ್ನನ್ನು ಕಳಿಸ್ಬಾರದು ಅಂತ. ಬಾಸ್ ಒಪ್ಪಲಿಲ್ಲ ಅಂತ. ನೀವು ಫಸ್ಟ್ ಬರೆದದ್ದಂತೆ."

ಒಳಗೆ ಟಿವಿಯಲ್ಲಿ ಯಾವುದೋ ಧಾರಾವಾಹಿ ಓಡುತ್ತಿತ್ತು. ಒಂದು ವಿಶೇಷಣವನ್ನೂ ಸಹಿಸದ ಹೆಂಗಸು, ಮಗಳಿಗೆ ಇಷ್ಟು ದೊಡ್ಡದನ್ನು ಕಟ್ಟಿಕೊಟ್ಟು ಹೋಗಿದ್ದರು. ನನ್ನನ್ನು ಕ್ಷಮಿಸಿ ಹಾಗೆ ಮಾಡಿದರು ಅಂತ ನಾನು ಅಂದುಕೊಳ್ಳುವುದಿಲ್ಲ. ಹದಿನಾರು ವರ್ಷದ ಹುಡುಗಿಗೆ, ನಿನ್ನನ್ನು ಬಿಟ್ಟುಕೊಡಲು ಏಳು ಜನ ಹೆಂಗಸರು ಕೂತು ಪತ್ರ ಬರೆದರು ಅಂತ ಯಾವ ತಾಯಿ ಹೇಳುತ್ತಾಳೆ?

"ಏನು ಬರೆದಿದ್ರಿ ಆಂಟಿ ನೀವು?" ಅಂತ ಕೇಳಿದಳು. "ಅಮ್ಮನಿಗೆ ಪೂರ್ತಿ ನೆನಪಿರ್ಲಿಲ್ಲ. ಐ ವಾಂಟೆಡ್ ಟು ನೋ."

ನಿಜ ಹೇಳಬೇಕು ಅಂತ ಬಾಯಿ ತೆರೆದೆ. ದೇವರಾಣೆಗೂ ಹಾಗೇ ಅಂದುಕೊಂಡೆ. ಬಂದದ್ದು ಬೇರೆ.

"ಮಕ್ಕಳು ತಾಯಿಯ ಹತ್ರ ಇರ್ಬೇಕು. ಗಂಡಸರಿಗೆ ಕೊಡೋದನ್ನ ಆಕೆಗೂ ಕೊಡಿ. ಆಕೆ ನಮ್ಮೆಲ್ಲರಿಗಿಂತ ಚೆನ್ನಾಗಿ ಕೆಲಸ ಮಾಡ್ತಾರೆ. ಇಷ್ಟೇ ಬರೆದಿದ್ದೆ ಕಣಮ್ಮ," ಅಂದೆ.

ಅವಳು ಫೋನು ತೆಗೆದು, ಇನ್ನೊಮ್ಮೆ ನಿಧಾನಕ್ಕೆ ಹೇಳಿ ಅಂತ ಕೇಳಿ, ಅದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಂಡಳು. ನಾನು ನಿಧಾನಕ್ಕೆ ಹೇಳಿದೆ. ಮೂರು ಸಣ್ಣ ವಾಕ್ಯ. ತಿಣುಕದೆ, ಎಲ್ಲಿಂದಲೂ ಕದಿಯದೆ, ಒಂದು ನಿಮಿಷದೊಳಗೆ ನನ್ನ ಬಾಯಿಂದ ಬಂದಿತ್ತು. ಅಂದು ಬರೆದಿದ್ದರೂ ಇಷ್ಟೇ ಹೊತ್ತು ಹಿಡಿಯುತ್ತಿತ್ತು.